ನಾರ್ವೆ ಕರಾವಳಿ ಹಡಗು: ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ ಒಂದು ಕಡೆ ಸಾಕಾ, ಹೋಗಿ ಬರಬೇಕಾ?

ಜಯನಗರ_ಪ್ರವಾಸಿ
ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮನ್ನ ಕರ್ಕೊಂಡು ನಾರ್ವೆಗೆ ಹೋಗೋಣ ಅಂತಿದೀವಿ. ಇಬ್ರಿಗೂ ಎಪ್ಪತ್ತರ ಆಸುಪಾಸು. ಊರಲ್ಲಿ ಚೆನ್ನಾಗೇ ಓಡಾಡ್ತಾರೆ, ಆದ್ರೆ ಗುಡ್ಡ ಹತ್ತೋಕಾಗಲ್ಲ, ದಿನಾ ಹೋಟೆಲ್ ಬದಲಿಸಿ ಸೂಟ್‌ಕೇಸ್ ಎಳೆಯೋಕೂ ಆಗಲ್ಲ. ಅದಕ್ಕೇ ಹುರ್ಟಿಗ್ರುಟನ್ ಅಥವಾ ಹಾವಿಲಾ ಹಡಗು ನೋಡ್ತಿದೀನಿ. ಬರ್ಗನ್‌ನಿಂದ ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ವರೆಗೆ ಹೋಗೋಕೆ 7 ದಿನ, ಹೋಗಿ ಬರೋಕೆ 12 ದಿನ, ದಾರೀಲಿ 34 ಬಂದರು ಅಂತ ಇದೆ. ವೇಳಾಪಟ್ಟಿ ನೋಡಿದ್ರೆ ಎಷ್ಟೋ ಕಡೆ ಕಾಲು ಗಂಟೆ ಅಷ್ಟೇ ನಿಲ್ಲೋದು! ನಿಜವಾಗಿ ಇಳಿದು ನೋಡುವಂಥ ಬಂದರು ಯಾವುವು? ಒಂದು ಕಡೆ ಹಡಗಲ್ಲಿ ಹೋಗಿ ವಿಮಾನದಲ್ಲಿ ವಾಪಸ್ ಬಂದ್ರೆ ಏನಾದ್ರೂ ತಪ್ಪಿಹೋಗುತ್ತಾ? ಯಾವ ತಿಂಗಳು ಒಳ್ಳೇದು? ಅಮ್ಮ ಮೊಟ್ಟೆನೂ ತಿನ್ನಲ್ಲ, ಅದೊಂದು ಚಿಂತೆ.

ಓಸ್ಲೋ_ಕನ್ನಡತಿ
ಮೊದಲು ಒಂದು ವಿಷಯ. ಏಜೆಂಟರು ಇದನ್ನ ಕ್ರೂಸ್ ಅಂತ ಮಾರ್ತಾರೆ. ಆ ಲೆಕ್ಕ ಇಟ್ಕೊಂಡು ಬಂದೋರಿಗೆ ನಿರಾಸೆ ಖಂಡಿತ. ಇದು ಈ ಕರಾವಳಿಯ ಕೆಂಪು ಬಸ್ಸು. ಸರ್ಕಾರ ದುಡ್ಡು ಕೊಟ್ಟು ಓಡಿಸೋ ಮಾರ್ಗ. ಕ್ಯಾಸಿನೋ ಇಲ್ಲ, ದೊಡ್ಡ ನಾಟಕ-ಕುಣಿತ ಇಲ್ಲ. ಹಡಗು ನಿಂತ ಕೂಡಲೆ ಪಕ್ಕದ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಓಡಾಡುತ್ತೆ, ಸರಕು ಇಳಿಯುತ್ತೆ, ಮೀನಿನ ಪೆಟ್ಟಿಗೆ ಹತ್ತುತ್ತೆ. ಶಾಲೆ ಮಕ್ಕಳ ಫುಟ್‌ಬಾಲ್ ತಂಡ ಒಂದೂರಲ್ಲಿ ಹತ್ತಿ ಮುಂದಿನ ಊರಲ್ಲಿ ಇಳಿಯುತ್ತೆ. ಕ್ಯಾಬಿನ್ ಇಲ್ಲದೆ ಬರೀ ಬಂದರಿಂದ ಬಂದರಿಗೆ ಟಿಕೆಟ್ ತಗೊಂಡೂ ಹೋಗಬಹುದು.

2021ರಿಂದ ಈ ಮಾರ್ಗವನ್ನ ಎರಡು ಕಂಪನಿ ಹಂಚಿಕೊಂಡಿವೆ: ಹುರ್ಟಿಗ್ರುಟನ್‌ದು 7 ಹಡಗು, ಹಾವಿಲಾದು 4. ಒಂದು ಸುತ್ತಿಗೆ 11 ರಾತ್ರಿ, ಒಟ್ಟು 11 ಹಡಗು, ಹಾಗಾಗಿ ವರ್ಷವಿಡೀ ಪ್ರತಿದಿನ ಬರ್ಗನ್‌ನಿಂದ ಒಂದು ಹೊರಡುತ್ತೆ. ಬಂದರುಗಳೂ ಸಮಯವೂ ಹೆಚ್ಚುಕಮ್ಮಿ ಒಂದೇ. ಹಾವಿಲಾ ಹಡಗುಗಳು ಹೊಸವು, ನೈಸರ್ಗಿಕ ಅನಿಲ ಮತ್ತು ದೊಡ್ಡ ಬ್ಯಾಟರಿಯಲ್ಲಿ ಓಡ್ತವೆ.

ನನ್ನ ಮಟ್ಟಿಗೆ ಹೋಗಿ ಬರೋದೇ ಸರಿ. ಹೋಗುವಾಗ ರಾತ್ರಿ ದಾಟಿದ ಊರುಗಳು ಬರುವಾಗ ಹಗಲಲ್ಲಿ ಸಿಗ್ತವೆ. ವೇಳಾಪಟ್ಟಿ ಮಾಡಿರೋದೇ ಹಾಗೆ.

ಮಂಗ್ಳೂರು_ಮಾಣಿ
12 ದಿನ ಜಾಸ್ತಿ ಆಯ್ತು ಮಾರಾಯ್ರೆ. ಅದೇ ಸಮುದ್ರ, ಅದೇ ಗುಡ್ಡ, ಅದೇ ಹಿಮ. ನಾನು ಕಿರ್ಕೆನೆಸ್‌ನಲ್ಲಿ ಇಳಿದು ಓಸ್ಲೋಗೆ ವಿಮಾನ ಹತ್ತಿದೆ, ಎರಡು ಗಂಟೆಯ ಹಾರಾಟ. ಉಳಿದ ದಿನ ಬರ್ಗನ್ ರೈಲಿಗೆ, ಫ್ಯೋರ್ಡ್‌ಗೆ (ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಕಡಲ ತೋಳು) ಇಟ್ಟೆ. ವಯಸ್ಸಾದವ್ರಿಗೆ ಅಷ್ಟು ದಿನ ಹಡಗಲ್ಲೇ ಇರೋದು ಬೇಜಾರು.

ಓಸ್ಲೋ_ಕನ್ನಡತಿ
@ಮಂಗ್ಳೂರು_ಮಾಣಿ, ಸಮುದ್ರ ಒಂದೇ ಇರಬಹುದು, ಆದ್ರೆ ನಿಮಗೆ ಕಾಣದೇ ಹೋಗಿದ್ದು ಬಹಳ. ಉತ್ತರಕ್ಕೆ ಹೋಗುವಾಗ ವೆಸ್ಟೆರೋಲೆನ್ ದ್ವೀಪಗಳೆಲ್ಲ ನಡುರಾತ್ರಿಯಲ್ಲಿ ಬರ್ತವೆ. ವಾಪಸ್ ಬರುವಾಗ ಅದೇ ಜಾಗ ಇಡೀ ಒಂದು ಹಗಲು: ಹಾರ್ಸ್‌ಟಾಡ್, ಆಮೇಲೆ ರಿಸೊಯ್ ಕಾಲುವೆ (ಹಡಗು ಹೋಗಲಿ ಅಂತಲೇ ತಳ ತೋಡಿ 1922ರಲ್ಲಿ ತೆರೆದಿದ್ದು, ನೀರು ಎಷ್ಟು ತಿಳಿ ಅಂದ್ರೆ ಮರಳು ಕಾಣುತ್ತೆ), ಸ್ಟೋಕ್‌ಮಾರ್ಕ್‌ನೆಸ್, ಅಲ್ಲಿಂದ ರಾಫ್ಟ್‌ಸುಂಡ್ ಅನ್ನೋ ಕಿರಿದಾದ ಜಲಸಂಧಿ, ಸಂಜೆಗೆ ಲೊಫೊಟೆನ್ ದ್ವೀಪಗಳು. ನನಗೆ ಇಡೀ ಪ್ರಯಾಣದಲ್ಲಿ ಅತ್ಯಂತ ಇಷ್ಟವಾದ ದಿನ ಅದು. ಮರುದಿನ ಏಳು ಸೋದರಿಯರ ಬೆಟ್ಟ, ಸಂಜೆ ಬ್ರೊನ್ನೊಯ್‌ಸುಂಡ್ ಹತ್ತಿರ ತೋರ್ಗ್‌ಹಟ್ಟನ್, ಅಂದ್ರೆ ಮಧ್ಯದಲ್ಲಿ ಆರಪಾರ ತೂತಿರೋ ಗುಡ್ಡ. ಹೋಗುವಾಗ ಅದೂ ಕತ್ತಲಲ್ಲೇ.

ತುಂಗಾತೀರ
ಆ ತೂತಿನ ಕತೆ ಗೊತ್ತಾ? ಕುದುರೆ ಏರಿದ ಯಕ್ಷನಂಥವನೊಬ್ಬ ಒಬ್ಬ ಕನ್ಯೆಯನ್ನ ಅಟ್ಟಿಸ್ಕೊಂಡು ಬಂದು, ಸಿಗಲಿಲ್ಲ ಅಂತ ಬಾಣ ಬಿಟ್ಟನಂತೆ. ಅಲ್ಲಿನ ರಾಜ ತನ್ನ ಟೋಪಿ ಎಸೆದು ಬಾಣ ತಡೆದ. ಬಾಣ ಟೋಪಿಯನ್ನ ತೂರಿ ಹೋಯ್ತು, ಸೂರ್ಯ ಹುಟ್ಟಿದ, ಎಲ್ಲರೂ ಕಲ್ಲಾದರು. ಟೋಪಿಯೇ ಆ ಗುಡ್ಡ. ತೂತು 160 ಮೀಟರ್ ಉದ್ದ ಇದೆ. ಹಿಮಯುಗದ ಕೊನೆಗೆ ಸಮುದ್ರಮಟ್ಟ ಎತ್ತರದಲ್ಲಿದ್ದಾಗ ಅಲೆ ಕೊರೆದಿದ್ದು ಅಂತ ಭೂವಿಜ್ಞಾನದವರು ಹೇಳ್ತಾರೆ.

ಧಾರವಾಡದಾಂವ
ಅಲ್ರೀ, ಹಡಗು ಹೊಯ್ದಾಡ್ತದೇನು ಅದನ್ನ ಯಾರೂ ಹೇಳವಲ್ರಿ. ನಮ್ಮ ಮನ್ಯಾಗ ಬಸ್ಸಿನ್ಯಾಗ ಕುಂತ್ರ ವಾಂತಿ ಮಾಡ್ಕೊಳ್ಳೋರು ಅದಾರ. ಅವರನ್ನ ಕರ್ಕೊಂಡು ಹೋಗಬಹುದೇನ್ರಿ?

ಹಡಗಿನ_ಇಂಜಿನಿಯರ್
ವೃತ್ತಿಯಿಂದ ಮರ್ಚೆಂಟ್ ನೇವಿಯವನು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಆ ಕರಾವಳಿ ಉದ್ದಕ್ಕೂ ಸಾವಿರಾರು ದ್ವೀಪಗಳಿವೆ. ಹಡಗು ಬಹುಪಾಲು ದ್ವೀಪಗಳ ಒಳಗಡೆ ಹೋಗುತ್ತೆ, ಅಲ್ಲಿ ಅಲೆ ಅಷ್ಟಾಗಿ ತಟ್ಟಲ್ಲ. ತೆರೆದ ಕಡಲು ಸಿಗೋದು ಕೆಲವೇ ಕಡೆ: ಮೋಲೊಯ್ ದಾಟಿದ ಮೇಲೆ ಸ್ಟಾಡ್ ಭೂಶಿರ, ಮೋಲ್ಡೆ-ಕ್ರಿಸ್ಟಿಯಾನ್‌ಸುಂಡ್ ನಡುವಿನ ಹುಸ್ಟಾಡ್‌ವಿಕಾ, ರೋರ್ವಿಕ್ ಕೆಳಗಿನ ಫೋಲ್ಡಾ, ಬೋಡೊದಿಂದ ಲೊಫೊಟೆನ್‌ಗೆ ದಾಟೋ ವೆಸ್ಟ್‌ಫ್ಯೋರ್ಡ್, ಕೊನೆಗೆ ಹೊನ್ನಿಂಗ್ಸ್‌ವೋಗ್ ಆಚೆ ಬಾರೆಂಟ್ಸ್ ಸಮುದ್ರ. ಒಂದೊಂದೂ ಕೆಲವು ಗಂಟೆ ಅಷ್ಟೇ. ಆದರೆ ಚಳಿಗಾಲದ ಬಿರುಗಾಳಿಯಲ್ಲಿ ಅಷ್ಟೇ ಸಾಕು. 2019ರ ಮಾರ್ಚ್‌ನಲ್ಲಿ ವೈಕಿಂಗ್ ಸ್ಕೈ ಅನ್ನೋ ಪ್ರವಾಸಿ ಹಡಗಿನ ಇಂಜಿನ್‌ಗಳು ನಿಂತಿದ್ದು ಇದೇ ಹುಸ್ಟಾಡ್‌ವಿಕಾದಲ್ಲಿ. ಇಂಜಿನ್‌ಗಳ ಎಣ್ಣೆ ಮಟ್ಟ ಕಡಿಮೆಯಿತ್ತು, ಹಡಗು ಜೋರಾಗಿ ಹೊಯ್ದಾಡಿದಾಗ ಪಂಪಿಗೆ ಎಣ್ಣೆ ಸಿಗದೆ ಎಲ್ಲ ಬಂದ್ ಆಯ್ತು. ನಾನೂರಕ್ಕೂ ಹೆಚ್ಚು ಜನರನ್ನ ಒಬ್ಬೊಬ್ಬರಾಗಿ ಹೆಲಿಕಾಪ್ಟರ್‌ಗೆ ಎತ್ತಿದರು. ಅದು ಈ ಮಾರ್ಗದ ಹಡಗಲ್ಲ. ಈ ಮಾರ್ಗದ ಕ್ಯಾಪ್ಟನ್‌ಗಳು ಹವೆ ಕೆಟ್ಟರೆ ಬಂದರನ್ನೇ ಬಿಟ್ಟು ಮುಂದೆ ಹೋಗ್ತಾರೆ, ಇಲ್ಲ ಕಾಯ್ತಾರೆ. ಅದಕ್ಕೆ ಬೈಬೇಡಿ.

ವಾಂತಿ ಆಗೋರು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ. ಮೇಲಿನ, ಮುಂದಿನ ಕ್ಯಾಬಿನ್ ನೋಟಕ್ಕೆ ಚೆಂದ, ಹೊಟ್ಟೆಗಲ್ಲ. ಮಾತ್ರೆ ಹೊಯ್ದಾಟ ಶುರುವಾಗೋ ಮುಂಚೆ ತಗೋಬೇಕು. ಯಾವುದು ಅಂತ ಇಲ್ಲಿಂದಲೇ ಡಾಕ್ಟರನ್ನ ಕೇಳ್ಕೊಂಡು ಹೋಗಿ, ವಯಸ್ಸಾದವರಿಗೆ ಬೇರೆ ಮಾತ್ರೆಗಳ ಜೊತೆ ಹೊಂದಬೇಕಲ್ಲ.

ಧಾರವಾಡದಾಂವ
ಭಾಳ ಉಪಕಾರ ಆತ್ರಿ. ಜೂನ್-ಜುಲೈನೇ ಬರೋಬ್ಬರಿ ಅನಸ್ತದ ನಮಗ.

ಶಿರಸಿ_ಸುಮಾ
ಊಟದ ವಿಷಯ ನಾನು ಹೇಳ್ತೆ. ಬುಕ್ ಮಾಡುವಾಗಲೇ ಸಸ್ಯಾಹಾರ, ಮೊಟ್ಟೆಯಿಲ್ಲ ಅಂತ ಬರೆಸಿ, ಹತ್ತಿದ ದಿನ ಊಟದ ಮನೆಯವರಿಗೆ ಮತ್ತೊಮ್ಮೆ ಹೇಳಿ. ಹೇಳಿದರೆ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆಲೂಗಡ್ಡೆ, ಗಡ್ಡೆ-ಬೇರು, ಅಣಬೆ, ಬ್ರೆಡ್ಡು, ಕಂದು ಬಣ್ಣದ ಸಿಹಿ ಚೀಸ್ ಧಾರಾಳ. ಅಮ್ಮನವರಿಗೆ ಆ ಚೀಸ್ ರುಚಿಸಬಹುದು, ಖೋವಾ ಹಾಗೆ ಇರ್ತು. ಖಾರ ಮಾತ್ರ ಇಲ್ಲವೇ ಇಲ್ಲ. ಚಟ್ನಿಪುಡಿ, ಅಪ್ಪೆಮಿಡಿ, ಒಣ ಅವಲಕ್ಕಿ ಒಯ್ಯಿರಿ. ಕ್ಯಾಬಿನ್ನಿನಲ್ಲಿ ಏನನ್ನೂ ಬೇಯಿಸಲಿಕ್ಕೆ ಬಿಡುವುದಿಲ್ಲ, ಸಣ್ಣ ಕುಕ್ಕರ್ ಒಯ್ಯುವ ಯೋಚನೆ ಬೇಡ.

ಬೆಂದಕಾಳೂರು_ಹುಡ್ಗ
ಅಷ್ಟು ದೂರ ಹೋಗಿ ಚಟ್ನಿಪುಡಿ ಅವಲಕ್ಕಿ ಯಾಕೆ ತಿನ್ಬೇಕು? ಅಲ್ಲಿನ ಊಟ ತಿನ್ನಿ ಸ್ವಾಮಿ. ಪ್ರವಾಸ ಅಂದ್ರೆ ಅದೇ ಅಲ್ವಾ.

ಶಿರಸಿ_ಸುಮಾ
@ಬೆಂದಕಾಳೂರು_ಹುಡ್ಗ, ತಮ್ಮಾ, ನಿನ್ನ ವಯಸ್ಸಿಗೆ ಅದು ಸರಿ. ಎಪ್ಪತ್ತು ದಾಟಿದವರು ಎರಡು ದಿನ ಸರಿಯಾಗಿ ಊಟ ಮಾಡದಿದ್ದರೆ ಮೂರನೇ ದಿನ ಡೆಕ್ಕಿಗೇ ಬರುವುದಿಲ್ಲ. ಒಂದು ಚಮಚ ಚಟ್ನಿಪುಡಿಯಿಂದ ಅವರ ಪ್ರವಾಸ ಉಳಿಯುತ್ತದೆ ಅಂದರೆ ಅದರಲ್ಲಿ ತಪ್ಪೇನು?

ಜಯನಗರ_ಪ್ರವಾಸಿ
ಸುಮಾ ಅಕ್ಕ, ಪೂರ್ತಿ ಒಪ್ತೀನಿ. ಈಗ ಬಂದರುಗಳ ಬಗ್ಗೆ ಯಾರಾದ್ರೂ ಹೇಳ್ತೀರಾ? ಗುಡ್ಡ ಹತ್ತದೆ ನೋಡುವಂಥವು.

ಓಸ್ಲೋ_ಕನ್ನಡತಿ
ಓಲೆಸುಂಡ್: 1904ರ ಜನವರಿಯಲ್ಲಿ ಒಂದೇ ರಾತ್ರಿಯ ಬೆಂಕಿಗೆ ಊರಿನ ಸುಮಾರು 850 ಮನೆ ಸುಟ್ಟು ಹೋದವು, ಹತ್ತು ಸಾವಿರ ಜನ ಬೀದಿಗೆ ಬಿದ್ದರು. ಮೂರೇ ವರ್ಷದಲ್ಲಿ ಇಡೀ ಊರನ್ನ ಆ ಕಾಲದ ಹೊಸ ಶೈಲಿಯಲ್ಲಿ, ಗೋಪುರ, ಹೂಬಳ್ಳಿಯ ಕೆತ್ತನೆ ಎಲ್ಲ ಇಟ್ಟು ಕಲ್ಲಲ್ಲಿ ಕಟ್ಟಿದರು. ಬೀದಿ ಸುತ್ತಿದರೆ ಸಾಕು. ಆಕ್ಸ್ಲಾ ಗುಡ್ಡಕ್ಕೆ 418 ಮೆಟ್ಟಿಲು, ಅದು ನಿಮ್ಮ ಅಪ್ಪ-ಅಮ್ಮನಿಗೆ ಬೇಡ, ಮೇಲಕ್ಕೆ ರಸ್ತೆಯೂ ಇದೆ.

ಟ್ರಾಂಡ್‌ಹೈಮ್: ಮೂರು ಗಂಟೆ ಹತ್ತಿರ ಸಿಗುತ್ತೆ. ನಿಡಾರೋಸ್ ಕ್ಯಾಥೆಡ್ರಲ್, ನದಿ ಮೇಲಿನ ಹಳೇ ಸೇತುವೆ, ಕಂಬಗಳ ಮೇಲೆ ನಿಂತಿರೋ ಬಣ್ಣಬಣ್ಣದ ಮರದ ಗೋದಾಮುಗಳು. ಹಡಗಿನ ದುಬಾರಿ ಟೂರ್ ಬೇಡ, ಟ್ಯಾಕ್ಸಿ ಸಾಕು.

ಟ್ರೊಮ್ಸೊ: ಉತ್ತರಕ್ಕೆ ಹೋಗುವಾಗ ಮಧ್ಯಾಹ್ನ ನಾಲ್ಕು ಗಂಟೆ. ವಾಪಸ್ ಬರುವಾಗ ನಡುರಾತ್ರಿ, ಆಗ 1965ರಲ್ಲಿ ಕಟ್ಟಿದ ಆರ್ಕ್ಟಿಕ್ ಕ್ಯಾಥೆಡ್ರಲ್‌ನಲ್ಲಿ ಸಂಗೀತ ಕಛೇರಿ ಇರುತ್ತೆ. ನಿದ್ದೆಗೆಟ್ಟು ಹೋಗಿ.

ಫ್ಲೋರೊ, ನೆಸ್ನಾ, ಒರ್ನೆಸ್ ಇಂಥವು ಡೆಕ್ ಮೇಲಿಂದಲೇ ನೋಡಿ. ಅಲ್ಲಿ ಇಳಿದು ದೂರ ಹೋಗಬೇಡಿ, ಹಡಗು ಯಾರಿಗೂ ಕಾಯಲ್ಲ.

ನಾರ್ತ್_ಕೇಪ್_ಫ್ಯಾನ್
ಹೊನ್ನಿಂಗ್ಸ್‌ವೋಗ್ ಬಿಟ್ರಲ್ಲ! ಅಲ್ಲಿಂದ ಬಸ್ಸಲ್ಲಿ 34 ಕಿ.ಮೀ. ಹೋದರೆ ನಾರ್ತ್ ಕೇಪ್, ಯುರೋಪ್ ಖಂಡದ ಉತ್ತರದ ತುದಿ. 307 ಮೀಟರ್ ಎತ್ತರದ ಬಂಡೆ, ಅದರಾಚೆ ಬರೀ ಸಮುದ್ರ. ಇದನ್ನ ತಪ್ಪಿಸಿಕೊಂಡ್ರೆ ಹೋಗಿದ್ದೇ ವೇಸ್ಟ್.

ನಕ್ಷೆಪ್ರಿಯ
ತಿದ್ದುಪಡಿ. ನಾರ್ತ್ ಕೇಪ್ ಇರೋದು ಮಾಗೆರೊಯಾ ಅನ್ನೋ ದ್ವೀಪದ ಮೇಲೆ. ಆ ದ್ವೀಪದಲ್ಲೇ ಪಕ್ಕದ ಕ್ನಿವ್‌ಶೆಲೊಡ್ಡನ್ ಅನ್ನೋ ತಗ್ಗು ನೆಲ ಇನ್ನೂ ಸ್ವಲ್ಪ ಉತ್ತರಕ್ಕೆ ಚಾಚಿದೆ. ಖಂಡದ ಮುಖ್ಯ ನೆಲದ ತುದಿ ಬೇಕಿದ್ದರೆ ಅದು ಮೆಹಾಮ್ನ್ ಹತ್ತಿರದ ಕಿನ್ನಾರೊಡ್ಡನ್. ಹಡಗು ಮೆಹಾಮ್ನ್‌ಗೂ ಹೋಗುತ್ತೆ.

ನಾರ್ತ್_ಕೇಪ್_ಫ್ಯಾನ್
ಒಂದೂವರೆ ಕಿಲೋಮೀಟರ್ ವ್ಯತ್ಯಾಸಕ್ಕೆ ಆ ಬಂಡೆ ಮೇಲೆ ನಿಂತ ಅನುಭವ ಬದಲಾಗಲ್ಲ ಸಾರ್. ಚಳಿಗಾಲದಲ್ಲಿ ಕೊನೆಯ 13 ಕಿ.ಮೀ. ಹಿಮ ತೆಗೆಯೋ ಗಾಡಿ ಮುಂದೆ, ಬಸ್ಸುಗಳು ಸಾಲಾಗಿ ಹಿಂದೆ. ಆ ದಾರಿಗೇ ದುಡ್ಡು ಕೊಡಬಹುದು.

ನಕ್ಷೆಪ್ರಿಯ
ಅನುಭವಕ್ಕೆ ನನ್ನ ತಕರಾರಿಲ್ಲ, ನಕ್ಷೆಗೆ ಮಾತ್ರ. ನನ್ನನ್ನ ಕೇಳಿದರೆ ಹಾಮರ್‌ಫೆಸ್ಟ್‌ನಲ್ಲಿ ಇಳೀರಿ. ದಕ್ಷಿಣಕ್ಕೆ ಬರುವಾಗ ಹಗಲಲ್ಲೇ ಎರಡು ಗಂಟೆ ಹತ್ತಿರ ನಿಲ್ಲುತ್ತೆ. ಅಲ್ಲಿ ಒಂದು ಕಂಬ ಇದೆ, ತಲೆ ಮೇಲೆ ಭೂಗೋಳ ಇಟ್ಟಿರೋದು. ಅದು ಖಗೋಳಜ್ಞ ಸ್ಟ್ರೂವ ನಡೆಸಿದ ಸರ್ವೆಯ ಉತ್ತರದ ತುದಿ. 1816ರಿಂದ 1855ರವರೆಗೆ ಹಾಮರ್‌ಫೆಸ್ಟ್‌ನಿಂದ ಕಪ್ಪು ಸಮುದ್ರದವರೆಗೆ 2,820 ಕಿ.ಮೀ. ಉದ್ದಕ್ಕೆ ತ್ರಿಕೋನ ಕಟ್ಟಿಕೊಂಡು ಹೋಗಿ ಭೂಮಿಯ ಆಕಾರ ಅಳೆದರು. ನಮ್ಮವರಿಗೆ ಇದು ಹತ್ತಿರದ ವಿಷಯ: ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಬೇಸ್‌ಲೈನ್ (ಸರ್ವೆಯ ಮೊದಲ ಆಧಾರ ರೇಖೆ) ಅಳೆದು ಶುರು ಮಾಡಿದ ಕೆಲಸವೂ ಇದೇ ಜಾತಿಯದು. ಅದೇ ಮುಂದೆ ಹಿಮಾಲಯದವರೆಗೆ ಹೋಯ್ತು. ಹಾಮರ್‌ಫೆಸ್ಟ್ ಕಂಬ ಯುನೆಸ್ಕೋ ಪಟ್ಟಿಯಲ್ಲಿದೆ. ನಮ್ಮಲ್ಲಿ ಆ ಸರ್ವೆಯ ಗುರುತುಗಳಿಗೆ ಅಂಥ ಮರ್ಯಾದೆ ಸಿಕ್ಕಿಲ್ಲ ಅನ್ನೋದು ನನ್ನ ಬೇಸರ.

ಮಂಗ್ಳೂರು_ಮಾಣಿ
ಅಪ್ಪ-ಅಮ್ಮನ ಪ್ರವಾಸ ಕೇಳಿದ್ರೆ ಲ್ಯಾಂಬ್ಟನ್ ತನಕ ಹೋಯ್ತಲ್ಲ ಚರ್ಚೆ. ಒಳ್ಳೆ ವಿಷಯವೇ ಆದ್ರೂ.

ಕಾರವಾರ_ಕಡಲು
ನಾನೂ ಸ್ವಲ್ಪ ಆಚೀಚೆ ಹೋಗ್ತೆ, ಕ್ಷಮೆ ಇರಲಿ. ನಾರ್ವೆಗೂ ನಮ್ಮ ಕಡಲಿಗೂ ಹಳೇ ನಂಟು ಇದೆ. 1952ರಲ್ಲಿ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆಗೆ ಒಪ್ಪಂದ ಆಯ್ತು. ಮೊದಲು ಕೇರಳದ ಕೊಲ್ಲಂ ಹತ್ತಿರ ನೀಂಡಕರದಲ್ಲಿ ಶುರು. ಯಾಂತ್ರಿಕ ದೋಣಿ, ಐಸ್ ಘಟಕ, ಹೊಸ ಬಲೆ ಎಲ್ಲ ಬಂದವು. ಅರವತ್ತರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ನಮ್ಮ ಮನೆಯ ಹಿರಿಯರು ನಾರ್ವೆಯವರ ಬಗ್ಗೆ ಮಾತಾಡೋದನ್ನ ಕೇಳಿ ಬೆಳೆದವ ನಾನು. ಯಾಂತ್ರಿಕ ದೋಣಿ ಬಂದ ಮೇಲೆ ಸಣ್ಣ ಬಲೆಯವರ ಪಾಡು ಏನಾಯ್ತು ಅನ್ನೋ ಜಗಳವೂ ಅಲ್ಲಿಂದಲೇ ಶುರು.

ಅದಕ್ಕೇ ಲೊಫೊಟೆನ್ ನೋಡಿದಾಗ ನನಗೆ ಬೇರೆ ತರಹ ಅನಿಸಿತು. ಜನವರಿಯಿಂದ ಏಪ್ರಿಲ್‌ವರೆಗೆ ಬಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆ ಇಡಲಿಕ್ಕೆ ಅಲ್ಲಿಗೆ ಬರ್ತದೆ. ಹಿಡಿದು, ಜೋಡಿ ಕಟ್ಟಿ, ಮರದ ಅಟ್ಟಣೆಗೆ ನೇತುಹಾಕ್ತಾರೆ. ಉಪ್ಪು ಹಾಕುವುದಿಲ್ಲ! ನಮ್ಮಲ್ಲಿ ಉಪ್ಪಿಲ್ಲದೆ ಒಣಗಿಸಿದರೆ ದಪ್ಪ ಮೀನು ಕೊಳೀತದೆ. ಅಲ್ಲಿ ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನ ಗಾಳಿಯೇ ಒಣಗಿಸ್ತದೆ. ಒಣಗಿದ ಮೀನು ಹೆಚ್ಚಾಗಿ ಇಟಲಿಗೆ, ತಲೆಗಳು ನೈಜೀರಿಯಾಕ್ಕೆ. ಸ್ವೋಲ್ವೇರ್‌ನಲ್ಲಿ ಇಳಿದರೆ ಆ ಅಟ್ಟಣೆಗಳು ಕಾಣ್ತವೆ, ವಾಸನೆಯೂ ಬರ್ತದೆ. ಅಮ್ಮನವರು ಸ್ವಲ್ಪ ದೂರ ನಿಲ್ಲಲಿ.

ಅಲ್ಲೂ ನಮ್ಮಲ್ಲಿಯ ಹಾಗೇ ಜಗಳ ಆಗಿದೆ. 1890ರಲ್ಲಿ ಟ್ರೋಲ್‌ಫ್ಯೋರ್ಡ್ ಬಾಯಿಗೆ ಉಗಿಹಡಗಿನವರು ಬಲೆ ಕಟ್ಟಿ ಸಣ್ಣ ದೋಣಿಯವರನ್ನ ತಡೆದರು, ದೊಡ್ಡ ಹೊಡೆದಾಟವೇ ಆಯ್ತು. ಬೇಸಿಗೆಯಲ್ಲಿ ಹವೆ ಸರಿಯಿದ್ದರೆ ಹಡಗು ಅದೇ ಕಿರಿದಾದ ಬಾಯಿಯೊಳಗೆ ಹೋಗಿ ನಿಂತಲ್ಲೇ ತಿರುಗ್ತದೆ.

ಹಡಗಿನ_ಇಂಜಿನಿಯರ್
@ಕಾರವಾರ_ಕಡಲು, ಬಹಳ ಚೆನ್ನಾಗಿ ಬರೆದಿರಿ. ಈ ಮಾರ್ಗ ಹುಟ್ಟಿದ್ದೂ ಅಂಥ ಊರುಗಳಿಂದಲೇ. ಆಗ ಟ್ರಾಂಡ್‌ಹೈಮ್‌ನಿಂದ ಹಾಮರ್‌ಫೆಸ್ಟ್‌ಗೆ ಒಂದು ಕಾಗದ ಮುಟ್ಟೋಕೆ ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಹಿಡೀತಿತ್ತು ಅಂತಾರೆ. ಕತ್ತಲಲ್ಲಿ, ಸರಿಯಾದ ನಕ್ಷೆ, ಸಾಕಷ್ಟು ದೀಪಸ್ತಂಭ ಇಲ್ಲದೆ ರಾತ್ರಿ ಹಡಗು ಓಡಿಸೋಕೆ ಯಾವ ಕಂಪನಿಯೂ ಒಪ್ಪಲಿಲ್ಲ. ಸ್ಟೋಕ್‌ಮಾರ್ಕ್‌ನೆಸ್‌ನ ಕ್ಯಾಪ್ಟನ್ ರಿಚರ್ಡ್ ವಿತ್ ಮತ್ತು ಅವನ ಪೈಲಟ್ ಹೋಲ್ಟೆ ದಿಕ್ಸೂಚಿ, ವೇಗ, ಗಡಿಯಾರ ನೋಡಿ ಪ್ರತಿ ತಿರುವಿನ ಲೆಕ್ಕ ಬರೆದಿಟ್ಟುಕೊಂಡಿದ್ದರು. ಅದರ ಬಲದ ಮೇಲೆ 1893ರ ಜುಲೈ 2ರಂದು ವೆಸ್ಟೆರೋಲೆನ್ ಹಡಗು ಟ್ರಾಂಡ್‌ಹೈಮ್‌ನಿಂದ ಹೊರಟಿತು.

ಸ್ಟೋಕ್‌ಮಾರ್ಕ್‌ನೆಸ್‌ನಲ್ಲಿ 1956ರ ಫಿನ್‌ಮಾರ್ಕೆನ್ ಹಡಗನ್ನ ಇಡಿಯಾಗಿ ಗಾಜಿನ ಕಟ್ಟಡದೊಳಗೆ ಇಟ್ಟಿದಾರೆ. ದಕ್ಷಿಣಕ್ಕೆ ಬರುವಾಗ ಅಲ್ಲಿ ಒಂದು ಗಂಟೆ ಸಿಗುತ್ತೆ, ಮ್ಯೂಸಿಯಂ ಕಟ್ಟೆಯ ಪಕ್ಕದಲ್ಲೇ. ಗುಡ್ಡ ಹತ್ತೋದೇನೂ ಇಲ್ಲ.

ರಾತ್ರಿ_ಆಕಾಶ
ಯಾರೂ ಅರೋರಾ ಬಗ್ಗೆ ಹೇಳಲಿಲ್ಲ. ರಾತ್ರಿ ಆಕಾಶದಲ್ಲಿ ಹೊಳೆಯೋ ಆ ಉತ್ತರದ ಬೆಳಕು ನೋಡದೆ ನಾರ್ವೆ ಏನು? ಸೆಪ್ಟೆಂಬರ್‌ನಿಂದ ಮಾರ್ಚ್ ಕೊನೆವರೆಗೆ ಹೋಗಿ. ಜೂನ್-ಜುಲೈನಲ್ಲಿ ಟ್ರೊಮ್ಸೊದಲ್ಲಿ ಸೂರ್ಯ ಮುಳುಗೋದೇ ಇಲ್ಲ (ಮೇ 20ರ ಹೊತ್ತಿನಿಂದ ಜುಲೈ 22ರ ತನಕ), ಅರೋರಾ ಕಾಣೋ ಪ್ರಶ್ನೆಯೇ ಇಲ್ಲ. ಹಡಗಿನವರು ಬೆಳಕು ಕಂಡ ಕೂಡಲೆ ಮಧ್ಯರಾತ್ರಿ ಆದ್ರೂ ಮೈಕಲ್ಲಿ ಎಬ್ಬಿಸ್ತಾರೆ.

2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲೂ ಕೆಂಪು ಅರೋರಾ ಕಂಡಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋ ಜಾಗ ಅದು. ಆದ್ರೆ ಹಾನ್ಲೆಗೆ ಅಂಥದ್ದು ಅಪರೂಪ, ಟ್ರೊಮ್ಸೊ ಮೇಲೆ ಅದು ಮಾಮೂಲು.

ಮಂಗ್ಳೂರು_ಮಾಣಿ
ಮಾಮೂಲು ಅಂತ ಹೇಳಿ ಆಸೆ ಹುಟ್ಟಿಸ್ಬೇಡಿ. ಮೋಡ ಇದ್ರೆ ಎಂಥದೂ ಇಲ್ಲ. ನನಗೆ ಕಂಡದ್ದು ಬೂದು ಮೋಡದ ಹಾಗೆ, ಫೋನಲ್ಲಿ ಮಾತ್ರ ಹಸಿರು.

ರಾತ್ರಿ_ಆಕಾಶ
ಮಂದ ಅರೋರಾ ಕಣ್ಣಿಗೆ ಬೂದು ಅನಿಸೋದು ನಿಜ. ಕತ್ತಲಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯಲ್ಲ, ಕ್ಯಾಮೆರಾ ಹಿಡಿಯುತ್ತೆ. ಜೋರಾಗಿದ್ದಾಗ ಬರಿಗಣ್ಣಿಗೇ ಹಸಿರು, ಅಂಚಲ್ಲಿ ಗುಲಾಬಿ. ಹುರ್ಟಿಗ್ರುಟನ್‌ನಲ್ಲಿ ಚಳಿಗಾಲದ ಪೂರ್ತಿ ಸುತ್ತು ಹೋದವರಿಗೆ ಅರೋರಾ ಕಾಣದಿದ್ದರೆ ಇನ್ನೊಂದು ಪ್ರಯಾಣ ಉಚಿತ ಅನ್ನೋ ಭರವಸೆ ಇದೆ, ಷರತ್ತು ಓದ್ಕೊಳ್ಳಿ. ಹೋಗಿ ಬರೋದರ ಪರ ಇದೂ ಒಂದು ಕಾರಣ, ಮೋಡ ಸರಿಯೋಕೆ ಹೆಚ್ಚು ರಾತ್ರಿ ಸಿಗ್ತವೆ.

ಶಿರಸಿ_ಸುಮಾ
ಚಳಿಗಾಲದಲ್ಲಿ ಹಿರಿಯರಿಗೆ ಭಯ ಚಳಿಯದಲ್ಲ, ಜಾರುವುದು. ಬಂದರು ಕಟ್ಟೆಯೆಲ್ಲ ಗಾಜಿನಂಥ ಮಂಜುಗಡ್ಡೆ. ಬೂಟಿನ ಅಡಿಗೆ ಹಾಕುವ ಮುಳ್ಳಿನ ಪಟ್ಟಿ ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ, ಮೊದಲ ದಿನವೇ ಕೊಳ್ಳಿ.

ಜಯನಗರ_ಪ್ರವಾಸಿ
ಇದನ್ನೆಲ್ಲ ಓದಿ ಸೆಪ್ಟೆಂಬರ್ ಕೊನೆವಾರ, ಹೋಗಿ ಬರೋದು ಅಂತ ಮನಸ್ಸು ವಾಲ್ತಿದೆ. ಮಂಜುಗಡ್ಡೆ ಇರಲ್ಲ, ರಾತ್ರಿ ಕತ್ತಲೆ ಇರುತ್ತೆ. ಆದ್ರೆ ಗೈರಾಂಗರ್ ಫ್ಯೋರ್ಡ್ ತಪ್ಪುತ್ತಲ್ಲ?

ಓಸ್ಲೋ_ಕನ್ನಡತಿ
ಗೈರಾಂಗರ್ ಬೇಸಿಗೆಗೆ ಮಾತ್ರ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದರ ಬದಲು ಯೊರುಂಡ್‌ಫ್ಯೋರ್ಡ್‌ಗೆ ಹೋಗುತ್ತೆ. ಎಲೆ ಹಳದಿಯಾಗಿರುತ್ತೆ, ಜನ ಕಡಿಮೆ. ಗೈರಾಂಗರ್‌ನಲ್ಲಿ ದೊಡ್ಡ ಕ್ರೂಸ್ ಹಡಗುಗಳ ಹೊಗೆ ಕಣಿವೆಯಲ್ಲೇ ನಿಂತುಬಿಡ್ತಿತ್ತು. ಈಗ 2026ರಿಂದ ಸಣ್ಣ ಪ್ರವಾಸಿ ಹಡಗುಗಳು ಅಲ್ಲಿ ಹೊಗೆ ಬಿಡೋ ಹಾಗಿಲ್ಲ. 10,000 ಟನ್‌ಗಿಂತ ದೊಡ್ಡವಕ್ಕೆ 2032ರವರೆಗೆ ಸಮಯ ಕೊಟ್ಟಿದಾರೆ. ದೊಡ್ಡವಕ್ಕೇ ರಿಯಾಯಿತಿ ಯಾಕೆ ಅಂತ ನನಗೆ ಸಿಟ್ಟಿದೆ.

ತುಂಗಾತೀರ
ಪೂರ್ವದ ಕೊನೆಯ ಬಂದರುಗಳನ್ನ ಯಾರೂ ಹೇಳಲಿಲ್ಲ. 1944ರ ಶರತ್ಕಾಲದಲ್ಲಿ ಜರ್ಮನ್ ಸೇನೆ ಹಿಂದೆ ಸರಿಯುವಾಗ ಆ ಬಂದರುಗಳಿರೋ ಫಿನ್‌ಮಾರ್ಕ್ ಜಿಲ್ಲೆಯನ್ನೇ ಸುಟ್ಟುಹಾಕ್ತು. ಹಾಮರ್‌ಫೆಸ್ಟ್‌ನಲ್ಲಿ ಉಳಿದಿದ್ದು ಸ್ಮಶಾನದ ಪುಟ್ಟ ಚಾಪೆಲ್ ಒಂದೇ. ಕಿರ್ಕೆನೆಸ್ ಮುನ್ನೂರಕ್ಕೂ ಹೆಚ್ಚು ವಾಯುದಾಳಿ ಕಂಡ ಊರು, ಜನ ಅಡಗಿದ್ದ ಆಂಡರ್ಸ್‌ಗ್ರೋಟಾ ಗುಹೆ ಅಲ್ಲಿದೆ. ಅಲ್ಲಿ ಹಳೇ ಮನೆ ಇಲ್ಲ, ಊರು ಚಪ್ಪೆ ಅಂತ ದೂರುವವರು ಯಾಕೆ ಇಲ್ಲ ಅಂತ ತಿಳ್ಕೊಂಡು ಹೋಗಲಿ.

ವಾರ್ಡೊ ಬಿಡಬೇಡಿ. ಇಸ್ತಾಂಬುಲ್‌ಗಿಂತ ಪೂರ್ವಕ್ಕಿರೋ ನಾರ್ವೆಯ ಊರು. ಹದಿನೇಳನೇ ಶತಮಾನದಲ್ಲಿ ಮಾಟಗಾತಿಯರು ಅಂತ ಹೇಳಿ ಆ ಜಿಲ್ಲೆಯಲ್ಲಿ ಕೊಂದ 91 ಜನರಿಗೆ ಅಲ್ಲಿ 2011ರಲ್ಲಿ ಸ್ಮಾರಕ ಕಟ್ಟಿದಾರೆ: ಉದ್ದನೆಯ ಕತ್ತಲ ಓಣಿ, ಒಬ್ಬೊಬ್ಬರಿಗೂ ಒಂದು ಕಿಟಕಿ, ಒಂದು ದೀಪ, ವಿಚಾರಣೆಯ ದಾಖಲೆಯ ಮಾತು. ಹೆಚ್ಚಿನವರು ಹೆಂಗಸರು, ಕೆಲವರು ಸಾಮಿ (ಅಲ್ಲಿನ ಮೂಲನಿವಾಸಿ ಜನಾಂಗ) ಗಂಡಸರು.

ಜಯನಗರ_ಪ್ರವಾಸಿ
ವಾರ್ಡೊಗೆ ಹೋಗುವಾಗ ಬೆಳಗಿನ ಜಾವ ಮೂರು ಗಂಟೆ ಅಂತ ತೋರಿಸ್ತಿದೆಯಲ್ಲ?

ತುಂಗಾತೀರ
ಹೌದು, ಬರುವಾಗ ಸಂಜೆ ನಾಲ್ಕರ ಹೊತ್ತಿಗೆ, ಒಂದು ಗಂಟೆ ನಿಲ್ಲುತ್ತೆ. ನಕ್ಷತ್ರಾಕಾರದ ಕೋಟೆ ಹಡಗುಕಟ್ಟೆಗೆ ಹತ್ತಿರ, ಸ್ಮಾರಕ ಇನ್ನೂ ಸ್ವಲ್ಪ ಮುಂದೆ. ಅಪ್ಪ-ಅಮ್ಮನಿಗೆ ಎರಡೂ ಆಗಲ್ಲ ಅನ್ಸಿದ್ರೆ ಸ್ಮಾರಕ ಆರಿಸ್ಕೊಳ್ಳಿ, ಇಳಿದ ಕೂಡಲೆ ಹೊರಡಿ.

ಮಂಗ್ಳೂರು_ಮಾಣಿ
ಕಿರ್ಕೆನೆಸ್‌ನಲ್ಲಿ ಇಳಿದವರಿಗೆ ಅದು ಸಿಗುದಿಲ್ಲ ಅಂತಾಯ್ತು. ಅದು ಬೇಕಿದ್ರೆ ಕಿರ್ಕೆನೆಸ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಮಾತ್ರ ಹಡಗು ಹಿಡೀಬಹುದು, 6 ದಿನ. ವಾರ್ಡೊ, ಹಾಮರ್‌ಫೆಸ್ಟ್, ಆ ಮ್ಯೂಸಿಯಂ ಎಲ್ಲ ಹಗಲಲ್ಲೇ. ಖರ್ಚೂ ಅರ್ಧ. 12 ದಿನಕ್ಕೆ ನಾನು ಈಗ್ಲೂ ಒಪ್ಪುದಿಲ್ಲ.

ಓಸ್ಲೋ_ಕನ್ನಡತಿ
ಅದು ಒಳ್ಳೇ ಸಲಹೆ. ಒಂದೇ ಕಡೆ ಅಂತಾದ್ರೆ ದಕ್ಷಿಣಕ್ಕೆ ಬರೋದೇ ಮೇಲು, ಆದರೆ ಯೊರುಂಡ್‌ಫ್ಯೋರ್ಡ್ ಹೋಗುವಾಗ ಮಾತ್ರ, ಅದು ಕೈತಪ್ಪುತ್ತೆ. ಜಯನಗರದವರೇ, ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ರೂ ಷೆಂಗೆನ್ ವೀಸಾನೇ ಬೇಕು. ಸೆಪ್ಟೆಂಬರ್‌ಗೆ ಅಂದ್ರೆ ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುಂಚೆಯೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಕ್ಯಾಬಿನ್ ಕೆಳ ಅಂತಸ್ತಲ್ಲಿ, ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ ಕೇಳಿ.